ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ: ಟ್ರೇಲರ್ ಎಳೆಯುವ ರೈತರಿಗೊಂದು ಪಾಠ



ಬೆಳೆ ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದುದನ್ನು ಕೆಡದಂತೆ, ಯಾರಿಗೂ ನೋವಾಗದಂತೆ ಕಣಕ್ಕೆ, ಮಂಡಿಗೆ, ಕಾರ್ಖಾನೆಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಇಂದು ನಮ್ಮ ಹಳ್ಳಿಗಳಲ್ಲಿ ಕಬ್ಬು, ಭತ್ತ, ಜೋಳ, ಕಲ್ಲು, ಮರಳು, ಗೊಬ್ಬರ ಎಲ್ಲವೂ ಟ್ರಾಕ್ಟರಿನ ಹಿಂದೆ ಕಟ್ಟಿದ ಟ್ರೇಲರಿನಲ್ಲಿಯೇ ಸಾಗುತ್ತವೆ. ಏರು ಹತ್ತುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ಎಂಜಿನ್ ಗೊರಗುಟ್ಟುತ್ತದೆ, ಹೊಗೆ ಬರುತ್ತದೆ, ಕಷ್ಟ ಕಣ್ಣಿಗೆ ಕಾಣುತ್ತದೆ. ಇಳಿಯುವಾಗ ಮಾತ್ರ ಕಷ್ಟ ಕಾಣುವುದಿಲ್ಲ. ಗಾಡಿ ತಾನಾಗಿಯೇ ಓಡುತ್ತದೆ, ಕಿವಿಗೆ ಗಾಳಿ ತಂಪಾಗಿ ಬೀಸುತ್ತದೆ. ಅಪಾಯವಿರುವುದು ಅಲ್ಲಿಯೇ.

ಇಳಿಜಾರು ಎಂದರೆ ಮಲೆನಾಡಿನ ಘಟ್ಟವೇ ಆಗಬೇಕೆಂದಿಲ್ಲ. ಬಯಲುಸೀಮೆಯ ಕೆರೆ ಏರಿಯಿಂದ ಗದ್ದೆಗೆ ಇಳಿಯುವ ದಾರಿ, ನಾಲೆಯ ಸೇತುವೆಯ ಆಚೆಯ ಇಳಕಲು, ಹಳ್ಳದ ದಡ, ಕಲ್ಲುಗಣಿಯ ಗುಂಡಿಗೆ ಇಳಿಯುವ ಹಾದಿ, ಇವೆಲ್ಲವೂ ಇಳಿಜಾರುಗಳೇ. ಬಯಲಿನಲ್ಲಿ ದೊಡ್ಡ ರಸ್ತೆಗಳನ್ನು ಕಟ್ಟುವವರು ಸಾಮಾನ್ಯವಾಗಿ 30 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಇಳಿತ ಇರದಂತೆ ನೋಡಿಕೊಳ್ಳುತ್ತಾರೆ. ನಮ್ಮ ಹೊಲದ ದಾರಿಗಳನ್ನು ಹಾಗೆ ಅಳೆದು ಕಟ್ಟಿದವರಿಲ್ಲ. ಆದುದರಿಂದ ಈ ಪಾಠ ಎಲ್ಲರಿಗೂ ಸೇರಿದ್ದು.

1. ಎತ್ತಿನ ಗಾಡಿ ಕಲಿಸಿದ್ದು

ತುಂಬಿದ ಎತ್ತಿನ ಗಾಡಿ ಇಳಿಜಾರಿನಲ್ಲಿ ಇಳಿಯುವುದನ್ನು ನೆನೆದುಕೊಳ್ಳಿ. ಎತ್ತುಗಳು ಆಗ ಗಾಡಿಯನ್ನು ಎಳೆಯುವುದಿಲ್ಲ. ಕಾಲನ್ನು ನೆಲಕ್ಕೂರಿ, ಮೈಯನ್ನು ಹಿಂದಕ್ಕೆ ಕೊಟ್ಟು, ನೂಕಿಕೊಂಡು ಬರುವ ಭಾರವನ್ನು ಹಿಡಿದು ನಿಲ್ಲಿಸುತ್ತವೆ. ಅನುಭವಸ್ಥ ಗಾಡಿಯವನು ಇಳಿತದ ತಲೆಯಲ್ಲಿಯೇ ಗಾಡಿ ನಿಲ್ಲಿಸಿ, ಗಾಲಿಗೆ ಮರದ ತಡೆ ಒತ್ತಿಸಿ, ಎತ್ತುಗಳನ್ನು ಮೆಲ್ಲನೆ ಹೆಜ್ಜೆ ಇಡಿಸುತ್ತಾನೆ. ಇಳಿಜಾರಿನ ನಡುವೆ ಎತ್ತುಗಳ ಕೊರಳ ಹಗ್ಗ ಬಿಚ್ಚುವ ಹುಚ್ಚನನ್ನು ಯಾರಾದರೂ ಕಂಡಿದ್ದೀರಾ?

ಆದರೆ ಟ್ರಾಕ್ಟರ್ ಓಡಿಸುವಾಗ ನಾವು ಅದನ್ನೇ ಮಾಡುತ್ತೇವೆ. ಇಳಿತ ಬಂದ ಕೂಡಲೇ ಕ್ಲಚ್ಚನ್ನು ತುಳಿಯುವುದು, ಇಲ್ಲವೆ ಗೇರನ್ನು ನ್ಯೂಟ್ರಲ್‌ಗೆ ತಳ್ಳಿ ಡೀಸೆಲ್ ಉಳಿಯಿತೆಂದು ಸಮಾಧಾನಪಡುವುದು, ಇದು ಇಳಿಜಾರಿನಲ್ಲಿ ಎತ್ತು ಬಿಚ್ಚಿದ ಹಾಗೆಯೇ. ಎಂಜಿನ್ ನಮ್ಮ ಎತ್ತು. ಏರಿನಲ್ಲಿ ಅದು ಎಳೆಯುತ್ತದೆ, ಇಳಿತದಲ್ಲಿ ಹಿಡಿಯುತ್ತದೆ. ಗೇರಿನಲ್ಲಿ ಕಟ್ಟಿಕೊಂಡಿರುವಷ್ಟು ಹೊತ್ತು ಮಾತ್ರ ಹಿಡಿಯುತ್ತದೆ. ಈ ಪಾಠದ ತಿರುಳೆಲ್ಲ ಇಷ್ಟೇ. ಮುಂದಿನದು ಅದರ ವಿವರ.

2. ಎಂಜಿನ್ ಹೇಗೆ ಹಿಡಿಯುತ್ತದೆ?

ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟಾಗ ಎಂಜಿನ್ ಗಾಲಿಯನ್ನು ತಿರುಗಿಸುವುದಿಲ್ಲ. ಗಾಲಿಯೇ ಎಂಜಿನ್ನನ್ನು ತಿರುಗಿಸುತ್ತದೆ. ಪಿಸ್ಟನ್ನುಗಳ ಉಜ್ಜಾಟ, ಎಣ್ಣೆಯ ಪಂಪು, ನೀರಿನ ಪಂಪು, ಫ್ಯಾನು, ಗಾಳಿಯನ್ನು ಒಳಗೆ ಎಳೆದು ಹೊರಗೆ ತಳ್ಳುವ ಕೆಲಸ, ಇವೆಲ್ಲಕ್ಕೂ ಶಕ್ತಿ ಬೇಕು. ಆ ಶಕ್ತಿಯನ್ನು ಎಂಜಿನ್ ಓಡುವ ಗಾಡಿಯಿಂದಲೇ ಕಸಿದುಕೊಳ್ಳುತ್ತದೆ. ಹಾಗೆ ಕಸಿದುಕೊಂಡಷ್ಟೂ ಗಾಡಿಯ ಓಟ ತಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ತಿಳಿದಿರಬೇಕು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಲಾಗುತ್ತದೆಯಾದ್ದರಿಂದ ಅದರ ಹಿಡಿತವೂ ಬಹಳ ಬಲವೆಂದು ಅನೇಕರು ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ. ಒತ್ತಿದ ಗಾಳಿ ಸುರುಳಿ ಸ್ಪ್ರಿಂಗಿನ ಹಾಗೆ. ಮೇಲೆ ಹೋಗುವ ಪಿಸ್ಟನ್ ಅದನ್ನು ಒತ್ತುತ್ತದೆ. ಕೆಳಗೆ ಬರುವಾಗ ಅದೇ ಗಾಳಿ ಪಿಸ್ಟನ್ನನ್ನು ಮರಳಿ ನೂಕಿ, ಪಡೆದ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಯನ್ನು ಮುಚ್ಚುವ ಬಾಗಿಲೊಂದಿದ್ದು, ಆಕ್ಸಿಲರೇಟರ್ ಬಿಟ್ಟಾಗ ಅದೂ ತಡೆಯಾಗುತ್ತದೆ. ಟ್ರಾಕ್ಟರಿನ ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಅಂಥ ಬಾಗಿಲಿಲ್ಲ. ಹೀಗಿರುವಲ್ಲಿ, 45 ಕುದುರೆಶಕ್ತಿಯಿಂದ ಎಳೆಯುವ ಟ್ರಾಕ್ಟರ್ 45 ಕುದುರೆಶಕ್ತಿಯಿಂದ ಹಿಡಿಯುವುದಿಲ್ಲ. ಅದರ ಒಂದು ಸಣ್ಣ ಪಾಲಿನಷ್ಟು ಮಾತ್ರ ಹಿಡಿಯಬಲ್ಲದು. ಆ ಸಣ್ಣ ಪಾಲನ್ನು ಜಾಣತನದಿಂದ ಬಳಸುವ ಉಪಾಯವೇ ಕೆಳಗಿನ ಗೇರು.

3. ಕೆಳಗಿನ ಗೇರೇ ಏಕೆ?

ಒಂದು ಲೆಕ್ಕ ಮಾಡಿ ನೋಡೋಣ. ಟ್ರಾಕ್ಟರ್ 2 ಟನ್, ಖಾಲಿ ಟ್ರೇಲರ್ ಒಂದೂವರೆ ಟನ್, ಕಬ್ಬು ನಾಲ್ಕೂವರೆ ಟನ್. ಒಟ್ಟು 8 ಟನ್ ಎಂದಿಟ್ಟುಕೊಳ್ಳಿ. ಇಳಿಜಾರು 20 ಅಡಿಗೆ 1 ಅಡಿ. ಆಗ ಇಡೀ ಗಾಡಿಯನ್ನು ಕೆಳಕ್ಕೆ ನೂಕುವ ಬಲ 8 ಟನ್ನಿನ ಇಪ್ಪತ್ತರಲ್ಲೊಂದು ಪಾಲು, ಅಂದರೆ 400 ಕಿಲೋ. ಟೈರುಗಳು ಉರುಳುವಾಗ ಆಗುವ ತಡೆಯೇ ಸುಮಾರು 160 ಕಿಲೋ ತಿನ್ನುತ್ತದೆಂದು ಬಿಟ್ಟರೂ ಉಳಿದ 240 ಕಿಲೋ ನೂಕನ್ನು ಎಂಜಿನ್ನೋ ಬ್ರೇಕೋ ಹಿಡಿಯಲೇಬೇಕು.

ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಇಳಿದರೆ ಈ ನೂಕನ್ನು ಹಿಡಿಯಲು ಸುಮಾರು 9 ಕುದುರೆಶಕ್ತಿ ಬೇಕು. ಇದರ ಬಹುಪಾಲನ್ನು ಎಂಜಿನ್ನೇ ಹೊರಬಲ್ಲದು. 20 ಕಿಲೋಮೀಟರ್ ವೇಗದಲ್ಲಿ ಇಳಿದರೆ ಬೇಕಾಗುವುದು 18 ಕುದುರೆಶಕ್ತಿ. ಅದು ಎಂಜಿನ್ನಿಗೆ ಮೀರಿದ್ದು. ಮಿಕ್ಕ ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಭಾರ ಅದೇ, ಇಳಿಜಾರೂ ಅದೇ. ವೇಗ ಇಮ್ಮಡಿಯಾದುದಕ್ಕೆ ಹೊರೆಯೂ ಇಮ್ಮಡಿಯಾಯಿತು.

ಗೇರು ಕೆಳಗಿನದಾದಷ್ಟೂ, ಗಾಲಿಯ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಒಂದು ಗೇರು ಇನ್ನೊಂದಕ್ಕಿಂತ ಅರ್ಧ ವೇಗದ್ದಾದರೆ, ಅದೇ ಎಂಜಿನ್ನಿನ ಹಿಡಿತ ಗಾಲಿಯಲ್ಲಿ ಎರಡರಷ್ಟಾಗಿ ಮುಟ್ಟುತ್ತದೆ. ಬಾವಿಯಿಂದ ನೀರೆತ್ತುವಾಗ ಉದ್ದನೆಯ ಹಿಡಿಯ ರಾಟೆ ಕೈಗೆ ಹೇಗೆ ಹಗುರವೋ, ಇದೂ ಹಾಗೆಯೇ.

ಹಳೆಯ ಚಾಲಕರ ಸೂತ್ರವೊಂದುಂಟು. ತುಂಬಿದ ಗಾಡಿಯೊಂದಿಗೆ ಇದೇ ದಿಬ್ಬವನ್ನು ಹತ್ತಬೇಕಾದರೆ ಯಾವ ಗೇರು ಹಾಕುತ್ತಿದ್ದೆವೋ ಅದೇ ಗೇರಿನಲ್ಲಿ ಇಳಿಯಬೇಕು. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅದಕ್ಕಿಂತ ಒಂದು ಗೇರು ಕೆಳಗೆ ಹಾಕುವುದು ಮೇಲು.

4. ಬ್ರೇಕಿಗೆ ಬಿಡುವು ಏಕೆ ಬೇಕು?

ಬ್ರೇಕ್ ಗಾಡಿಯ ಓಟವನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಮೇಲೆ ಹೇಳಿದ 8 ಟನ್ನಿನ ಗಾಡಿ 2 ಕಿಲೋಮೀಟರ್ ಇಳಿದು 100 ಮೀಟರ್ ತಗ್ಗಿಗೆ ಬಂತೆನ್ನಿ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯೆಲ್ಲ ಬಿಸಿಯಾದರೆ, 25 ಡಿಗ್ರಿಯಲ್ಲಿರುವ 25 ಲೀಟರ್ ನೀರನ್ನು, ಎಂದರೆ ಒಂದು ದೊಡ್ಡ ಹಂಡೆಯ ನೀರನ್ನು, ಕುದಿಯುವ ಮಟ್ಟಕ್ಕೆ ತರುವಷ್ಟಾಗುತ್ತದೆ. ಟೈರು, ರಸ್ತೆ, ಗಾಳಿಗಳು ಅದರಲ್ಲಿ ಒಂದು ಪಾಲು ಹಂಚಿಕೊಳ್ಳುತ್ತವೆ, ನಿಜ. ಮಿಕ್ಕಿದ್ದನ್ನು ಅಂಗೈ ಅಗಲದ ಬ್ರೇಕ್ ಪಟ್ಟಿಗಳ ಮೇಲೆ ಸುರಿಯುವುದು ನ್ಯಾಯವೇ?

ಬ್ರೇಕ್ ಹದ ಮೀರಿ ಕಾದರೆ ಪಟ್ಟಿಯ ಹಿಡಿತ ತಗ್ಗುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಾದರೆ ಆ ಎಣ್ಣೆ ಕುದಿದು ಪೆಡಲ್ ಟೊಳ್ಳಾಗಬಹುದು. ಸುಟ್ಟ ವಾಸನೆ ಬರುವುದು, ಪೆಡಲನ್ನು ಮೊದಲಿಗಿಂತ ಜೋರಾಗಿ ತುಳಿಯಬೇಕಾಗುವುದು, ಇವು ಬ್ರೇಕ್ ಕೊಡುವ ಮುನ್ನೆಚ್ಚರಿಕೆಗಳು. ಎಂಜಿನ್ನಿಗಾದರೋ ಬಿಸಿಯನ್ನು ಹೊರಹಾಕಲು ರೇಡಿಯೇಟರು, ಫ್ಯಾನು, ಹೊಗೆಕೊಳವೆ ಇವೆ. ಗಂಟೆಗಟ್ಟಲೆ ಬಿಸಿಯನ್ನು ತಾಳುವುದು ಅದರ ದಿನದ ಕೆಲಸ. ಆದುದರಿಂದ ಇಳಿಜಾರಿನ ಉದ್ದಕ್ಕೂ ವೇಗ ಕಾಯುವ ಕೆಲಸ ಎಂಜಿನ್ನಿನದು. ವೇಗ ಹೆಚ್ಚಿದಾಗ ತಗ್ಗಿಸುವ ಮತ್ತು ಪೂರ್ತಿ ನಿಲ್ಲಿಸುವ ಕೆಲಸ ಬ್ರೇಕಿನದು. ಈ ಹಂಚಿಕೆಯನ್ನು ಮರೆಯಬಾರದು.

5. ಯಾವಾಗ, ಹೇಗೆ ಬಳಸಬೇಕು?

(ಅ) ಇಳಿಜಾರಿನ ತಲೆಯಲ್ಲಿ. ಗೇರು ಬದಲಿಸುವ ಜಾಗ ಇದೊಂದೇ. ಗಾಡಿ ನಿಲ್ಲಿಸಿ, ಇಲ್ಲವೆ ತೀರ ನಿಧಾನಿಸಿ, ಕೆಳಗಿನ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದ ಮೇಲೆಯೇ ಇಳಿಯಲು ತೊಡಗಬೇಕು. ಇಳಿಜಾರಿನ ನಡುವೆ ಗೇರು ಬದಲಿಸಲು ಹೋದರೆ ಅನೇಕ ಟ್ರಾಕ್ಟರುಗಳಲ್ಲಿ ಹಳೆಯ ಗೇರು ಬಿಟ್ಟುಬರುತ್ತದೆ, ಹೊಸದು ಹಲ್ಲು ಕಚ್ಚುವುದಿಲ್ಲ. ಆ ಒಂದೆರಡು ಕ್ಷಣದಲ್ಲಿ ವೇಗ ಏರಿದರೆ ಆಮೇಲೆ ಯಾವ ಗೇರೂ ಕೂರುವುದಿಲ್ಲ.

(ಆ) ಇಳಿಯುತ್ತಿರುವಾಗ. ಆಕ್ಸಿಲರೇಟರ್ ಪೂರ್ತಿ ಬಿಟ್ಟಿರಲಿ. ಕೈ ಆಕ್ಸಿಲರೇಟರ್ ಇದ್ದರೆ ಅದನ್ನೂ ತಗ್ಗಿಸಿರಿ. ಎಂಜಿನ್ನಿನ ಸುತ್ತು ಏರುತ್ತಾ ಹೋದರೆ ಎರಡು ಬ್ರೇಕುಗಳನ್ನೂ ಒಟ್ಟಿಗೆ ದೃಢವಾಗಿ ಒತ್ತಿ, ವೇಗ ಚೆನ್ನಾಗಿ ತಗ್ಗಿದ ಮೇಲೆ ಪೂರ್ತಿ ಬಿಡಿ. ಮತ್ತೆ ಏರಿದರೆ ಮತ್ತೆ ಒತ್ತಿ, ಮತ್ತೆ ಬಿಡಿ. ಉದ್ದಕ್ಕೂ ಪೆಡಲಿನ ಮೇಲೆ ಕಾಲಿಟ್ಟು ಸವೆಸುತ್ತ ಬರಬೇಡಿ. ಬಿಟ್ಟಾಗ ಬ್ರೇಕ್ ತಣಿಯುತ್ತದೆ.

(ಇ) ಸುತ್ತಳೆ ಮೀಟರಿನ ಕೆಂಪು ಗೆರೆ ದಾಟಬಾರದು. ಗವರ್ನರ್ ಇರುವುದರಿಂದ ಎಂಜಿನ್ ಅತಿಯಾಗಿ ತಿರುಗಲಾರದೆಂದು ಕೆಲವರು ತಿಳಿದಿದ್ದಾರೆ. ಗವರ್ನರ್ ಡೀಸೆಲನ್ನು ನಿಲ್ಲಿಸಬಲ್ಲದು. ಹಿಂದಿನಿಂದ ನೂಕುವ ಟ್ರೇಲರನ್ನು ನಿಲ್ಲಿಸಲಾರದು. ಮಿತಿಮೀರಿ ತಿರುಗಿದ ಎಂಜಿನ್ನಿನಲ್ಲಿ ವಾಲ್ವು, ಪಿಸ್ಟನ್ನುಗಳು ಮುರಿಯಬಹುದು. ಬ್ರೇಕಿನಿಂದ ಸುತ್ತು ಇಳಿಸುವುದೇ ಇದಕ್ಕೆ ದಾರಿ. ಕ್ಲಚ್ ತುಳಿದರೆ ಎಂಜಿನ್ ಉಳಿಯಬಹುದು, ಗಾಡಿ ಉಳಿಯದು.

(ಈ) ತಿರುವಿಗೆ ಮೊದಲು. ಎಂಜಿನ್ ಹಿಡಿಯುವುದು ಟ್ರಾಕ್ಟರಿನ ಗಾಲಿಗಳನ್ನು ಮಾತ್ರ. ಟ್ರೇಲರ್ ಹಿಂದಿನಿಂದ ನೂಕುತ್ತಲೇ ಇರುತ್ತದೆ. ನೇರ ದಾರಿಯಲ್ಲಿ ಆ ನೂಕು ನೇರಕ್ಕಿರುತ್ತದೆ. ತಿರುವಿನಲ್ಲಿ ಅದು ಟ್ರಾಕ್ಟರಿನ ಬೆನ್ನನ್ನು ಪಕ್ಕಕ್ಕೆ ತಳ್ಳಿ, ಎರಡು ಹಲಗೆಯ ಬಾಗಿಲು ಮಡಚಿದ ಹಾಗೆ ಗಾಡಿಯನ್ನು ಮಡಚಿಬಿಡುತ್ತದೆ. ಆದುದರಿಂದ ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ, ತಿರುವಿನೊಳಗೆ ಜೋರಾಗಿ ಬ್ರೇಕ್ ಒತ್ತದೆ ಸಾಗಬೇಕು. ಟ್ರೇಲರಿಗೆ ಬೇರೆಯಾಗಿ ಒತ್ತಬಲ್ಲ ಬ್ರೇಕ್ ಇದ್ದಲ್ಲಿ ಅದನ್ನು ಮೊದಲು ಒತ್ತಿ, ಆಮೇಲೆ ಟ್ರಾಕ್ಟರಿನದು ಒತ್ತಿ. ಆಗ ಹಿಂದಿನದು ಹಿಂದಕ್ಕೆ ಜಗ್ಗಿ ಗಾಡಿ ನೇರವಾಗಿರುತ್ತದೆ.

6. ಎಂಜಿನ್ನಿನ ಹಿಡಿತವೂ ಸಾಲದಿರುವ ಹೊತ್ತು

ಎಂಜಿನ್ ಎಷ್ಟೇ ಹಿಡಿದರೂ ನೆಲವನ್ನು ಹಿಡಿಯಬೇಕಾದುದು ಟೈರು. ಮಳೆ ಬಿದ್ದ ಎರೆಭೂಮಿಯ ದಾರಿ, ಜಂಬಿಟ್ಟಿಗೆಯ ಉರುಟು ಕಲ್ಲು, ರಸ್ತೆಯ ಮೇಲೆ ಒಣಗಲು ಹರಡಿದ ರಾಗಿ, ಹುರುಳಿ, ಇಂಥ ಕಡೆ ಟೈರಿಗೆ ಹಿಡಿತ ಸಿಗದು. ಆಗ ಎಂಜಿನ್ನಿನ ತಡೆ ಹೆಚ್ಚಾದರೆ ಹಿಂದಿನ ಗಾಲಿಗಳು ತಿರುಗುವುದು ತಗ್ಗಿ ಜಾರತೊಡಗುತ್ತವೆ; ಟ್ರೇಲರ್ ಅವುಗಳನ್ನು ನೂಕಿಕೊಂಡು ಹೋಗುತ್ತದೆ.

ಹಾಗೆ ಜಾರಲು ತೊಡಗಿದರೆ ಬ್ರೇಕ್ ತುಳಿಯಬೇಡಿ, ಕ್ಲಚ್ಚನ್ನೂ ತುಳಿಯಬೇಡಿ. ಆಕ್ಸಿಲರೇಟರನ್ನು ತುಸುವೇ ಕೊಟ್ಟು, ಗಾಲಿ ಮತ್ತೆ ನೆಲದ ಓಟಕ್ಕೆ ಸಮವಾಗಿ ತಿರುಗುವಂತೆ ಮಾಡಿ, ಸ್ಟೀರಿಂಗ್ ನೇರ ಹಿಡಿದು, ಆಮೇಲೆ ಮೆಲ್ಲನೆ ಬಿಡಿ. ಕೇಳಲು ವಿಚಿತ್ರವೆನಿಸಬಹುದು. ಆದರೆ ತಿರುಗುವ ಗಾಲಿ ದಾರಿಯನ್ನು ಹಿಡಿಯುತ್ತದೆ, ಜಾರುವ ಗಾಲಿ ಹಿಡಿಯುವುದಿಲ್ಲ.

ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಹೋಗುವ ಟ್ರಾಕ್ಟರಾದರೆ, ಜಾರುವ ಇಳಿತದ ತಲೆಯಲ್ಲಿ ಅದನ್ನು ಜೋಡಿಸಿಕೊಳ್ಳಿ. ಹಿಡಿತ ನಾಲ್ಕು ಗಾಲಿಗೂ ಹಂಚಿಹೋಗುತ್ತದೆ. ಗಟ್ಟಿಯಾದ ಸಮ ರಸ್ತೆಗೆ ಬಂದ ಮೇಲೆ ಬಿಡಿಸಿ. ಇವೆಲ್ಲಕ್ಕಿಂತ ಉತ್ತಮ ಉಪಾಯ ಇನ್ನೊಂದಿದೆ. ನೆಲ ಒದ್ದೆಯಾಗಿರುವಾಗ ಒಂದು ಹೊರೆಯನ್ನು ಎರಡು ಮಾಡಿ, ಇಲ್ಲವೆ ನೆಲ ಆರುವವರೆಗೆ ಕಾಯಿರಿ. ಅರ್ಧ ದಿನ ತಡವಾದ ಕಬ್ಬು ಕಬ್ಬೇ. ಉರುಳಿದ ಟ್ರಾಕ್ಟರ್ ಮನೆಯ ಹಿರಿಯನನ್ನೋ ಬೆಳೆದ ಮಗನನ್ನೋ ಕೊಂಡೊಯ್ದರೆ ಯಾವ ಬೆಳೆಯೂ ಅದನ್ನು ತುಂಬಿಕೊಡದು.

7. ಲಾರಿಯ ಎಕ್ಸಾಸ್ಟ್ ಬ್ರೇಕ್

ನಮ್ಮ ಮಾಲು ಘಟ್ಟ ಇಳಿದು ಕರಾವಳಿಗೆ ಹೋಗುವುದು ಲಾರಿಗಳಲ್ಲಿ. ಅನೇಕ ಲಾರಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಎಂಬ ಏರ್ಪಾಡಿರುತ್ತದೆ. ಹೊಗೆ ಹೋಗುವ ಕೊಳವೆಯಲ್ಲಿ ಒಂದು ಬಾಗಿಲನ್ನು ಮುಚ್ಚಿ, ಗಾಳಿ ಸುಲಭವಾಗಿ ಹೊರಹೋಗದಂತೆ ತಡೆದು, ಎಂಜಿನ್ನಿನ ಹಿಡಿತವನ್ನು ಹೆಚ್ಚಿಸುವುದೇ ಇದರ ಕೆಲಸ.

ಇನ್ನೂ ಬಲವಾದ ಏರ್ಪಾಡೊಂದನ್ನು ಅಮೆರಿಕದ ಕ್ಲೆಸ್ಸಿ ಕಮಿನ್ಸ್ ಕಂಡುಹಿಡಿದರು. ಡೀಸೆಲ್ ಎಂಜಿನ್ನುಗಳಿಗೆ ಹೆಸರಾದ ಕಮಿನ್ಸ್ ಕಂಪನಿಯನ್ನು ಸ್ಥಾಪಿಸಿದವರು ಇವರೇ. 1931ರಲ್ಲಿ ಇವರ ಡೀಸೆಲ್ ಲಾರಿ ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯನ್ನು ಇಳಿಯುತ್ತಿದ್ದಾಗ ಬ್ರೇಕ್ ಹಿಡಿತಕ್ಕೆ ಸಿಗದೆ ಹೋಯಿತು. ಕೆಳಗೆ ರೈಲುದಾರಿಯಲ್ಲಿ ಗೂಡ್ಸ್ ರೈಲು ಹಾದುಹೋಗುತ್ತಿತ್ತು. ಕೂದಲೆಳೆಯಲ್ಲಿ ಅವರು ಬದುಕಿದರು. ಆ ಭಯವನ್ನು ಅವರು ಮರೆಯಲಿಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ ಶಕ್ತಿಯನ್ನು ಹಿಂದಿರುಗಿಸುತ್ತದೆಂದು ಮೇಲೆ ನೋಡಿದೆವಷ್ಟೆ. ಗಾಳಿ ಪೂರ್ತಿ ಒತ್ತಿಹೋದ ಕ್ಷಣಕ್ಕೆ ಸರಿಯಾಗಿ ವಾಲ್ವನ್ನು ತೆರೆದು ಅದನ್ನು ಹೊರಬಿಟ್ಟರೆ ಹಿಂದಿರುಗಲು ಏನೂ ಉಳಿಯುವುದಿಲ್ಲ. ಒತ್ತಲು ತಗುಲಿದ ಶಕ್ತಿಯೆಲ್ಲ ಹಿಡಿತವಾಗುತ್ತದೆ. ಈ ಯುಕ್ತಿಯ ಬ್ರೇಕನ್ನು 1961ರಿಂದ ಜೇಕಬ್ಸ್ ಎಂಬ ಕಂಪನಿ ತಯಾರಿಸಿತು.

ಲಾರಿಯಲ್ಲಿ ಇಂಥ ಬ್ರೇಕ್ ಇದ್ದರೆ ನಿಯಮಗಳು ಇವೇ: ಇಳಿತದ ತಲೆಯಲ್ಲಿಯೇ ಕೆಳಗಿನ ಗೇರಿಗೆ ಬಂದು ಹಾಕಬೇಕು. ಕ್ಲಚ್ ತುಳಿದರೆ ಇಲ್ಲವೆ ನ್ಯೂಟ್ರಲ್ ಮಾಡಿದರೆ ಅದು ಇದ್ದೂ ಇಲ್ಲದಂತೆ. ಎಂಜಿನ್ ಮಿತಿಯೊಳಗೆ ಚುರುಕಾಗಿ ತಿರುಗುತ್ತಿರುವಾಗಲೇ ಅದರ ಬಲ ಹೆಚ್ಚು. ರಸ್ತೆ ಒದ್ದೆಯಾಗಿ ಜಾರುವಾಗ, ಅದರಲ್ಲಿಯೂ ಲಾರಿ ಖಾಲಿಯಾಗಿ ಹಿಂದಿನ ಗಾಲಿಯ ಮೇಲೆ ಭಾರವಿಲ್ಲದಾಗ, ಹಾಕಬಾರದು. ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಈ ಏರ್ಪಾಡು ಇರುವುದಿಲ್ಲ. ಟ್ರಾಕ್ಟರಿಗೆ ಕೆಳಗಿನ ಗೇರೇ ಗತಿ, ಅದೇ ಶ್ರೀರಕ್ಷೆ.

8. ನ್ಯೂಟ್ರಲ್‌ನಿಂದ ಡೀಸೆಲ್ ಉಳಿಯುವುದೇ?

ಉಳಿಯುವುದಿಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನು ನಿಲ್ಲದಿರಲು ತುಸು ತುಸು ಡೀಸೆಲನ್ನು ಕುಡಿಯುತ್ತಲೇ ಇರಬೇಕು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಗಾಲಿಯೇ ಎಂಜಿನ್ನನ್ನು ತಿರುಗಿಸುವುದರಿಂದ ಗವರ್ನರ್ ಡೀಸೆಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವುದಂತೂ ಆತ್ಮಘಾತ. ಪವರ್ ಸ್ಟೀರಿಂಗ್ ಇರುವ ಟ್ರಾಕ್ಟರಿನಲ್ಲಿ ಎಂಜಿನ್ ನಿಂತರೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯುತ್ತದೆ.

9. ಹೊರಡುವ ಮುನ್ನ ನೋಡತಕ್ಕವು

ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಒಂದಾಗಿ ಜೋಡಿಸಿರಬೇಕು. ಉಳುವಾಗ ಬೇರೆ ಬೇರೆ ತುಳಿಯಲು ಬಿಡಿಸಿದ್ದನ್ನು ರಸ್ತೆಗೆ ಬರುವಾಗ ಮರೆಯುವುದು ಹೆಚ್ಚು. ಒಂದೇ ಬದಿಯ ಬ್ರೇಕ್ ಹಿಡಿದರೆ ಟ್ರಾಕ್ಟರ್ ಆ ಬದಿಗೆ ತಿರುಗಿ ಉರುಳಬಹುದು. ಎರಡೂ ಸಮನಾಗಿ ಹಿಡಿಯುತ್ತವೆಯೇ ಎಂದು ಸಮ ನೆಲದಲ್ಲಿ ನೋಡಿರಿ.

ಟ್ರೇಲರಿನ ಕೊಂಡಿಯ ಪಿನ್ನು, ಪಿನ್ನಿಗೆ ಹಾಕುವ ಕೀಲು, ಟೈರಿನ ಗಾಳಿ, ಟ್ರೇಲರಿಗೆ ಬ್ರೇಕ್ ಇದ್ದರೆ ಅದರ ಕೊಳವೆ, ಇವನ್ನು ಕೈಯಿಂದ ಮುಟ್ಟಿ ನೋಡಿರಿ. ಎರಡು ಗಾಲಿಯ ಟ್ರೇಲರಿನಲ್ಲಿ ಹಿಂಬದಿಗೆ ಹೆಚ್ಚು ಭಾರ ಹೇರಿದರೆ ಅದು ಟ್ರಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಗಾಲಿಯ ಹಿಡಿತ ಹೋಗುತ್ತದೆ. ಗಾಲಿಗೆ ಅಡ್ಡ ಕೊಡಲು ಎರಡು ಗಟ್ಟಿ ಮರದ ತುಂಡುಗಳು ಗಾಡಿಯಲ್ಲಿಯೇ ಇರಲಿ. ಹೊರೆಯ ಮೇಲೆ ಆಳುಗಳನ್ನು, ಮಕ್ಕಳನ್ನು ಕೂರಿಸಬೇಡಿ.

ಬ್ರೇಕ್ ಕಾದು ವಾಸನೆ ಬಂದರೆ ಸಮ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಅಡ್ಡ ಕೊಟ್ಟು, ತಾನಾಗಿ ತಣಿಯಲು ಬಿಡಿ. ಕಾದ ಕಬ್ಬಿಣಕ್ಕೆ ನೀರು ಹೊಯ್ದರೆ ಬಿರಿಯುತ್ತದೆ. ದೈವವಶಾತ್ ಗೇರು ಬಿಟ್ಟುಬಂದು ಗಾಡಿ ಓಡತೊಡಗಿದರೆ ಗೇರನ್ನು ತಡಕಾಡುತ್ತ ಹೊತ್ತು ಕಳೆಯಬೇಡಿ. ಎರಡು ಬ್ರೇಕನ್ನೂ ಒಟ್ಟಿಗೆ ಬಲವಾಗಿ ಒತ್ತಿಹಿಡಿದು, ಪ್ರಪಾತದ ಕಡೆಗಲ್ಲದೆ ಗುಡ್ಡದ ಕಡೆಗೆ, ಏರು ನೆಲದ ಕಡೆಗೆ ತಿರುಗಿಸಿರಿ.

10. ಅಭ್ಯಾಸ

ಓದಿದ್ದು ಕೈಗೆ ಬರಬೇಕಾದರೆ ಮಾಡಿ ನೋಡಬೇಕು. ಊರಿನ ಯುವಕರು ಒಂದು ಭಾನುವಾರ ಸೇರಿ, ಜನಸಂಚಾರವಿಲ್ಲದ, ಕೊನೆಯಲ್ಲಿ ಸಮನಾದ ಬಯಲಿರುವ ಸಣ್ಣ ಇಳಕಲನ್ನು ಆರಿಸಿಕೊಳ್ಳಿ. ಖಾಲಿ ಟ್ರೇಲರಿನೊಂದಿಗೆ ಮೊದಲು ಅತಿ ಕೆಳಗಿನ ಗೇರಿನಲ್ಲಿ, ಆಮೇಲೆ ಅದರ ಮೇಲಿನದರಲ್ಲಿ ಇಳಿದು, ಬ್ರೇಕನ್ನು ಎಷ್ಟು ಸಲ ಒತ್ತಬೇಕಾಯಿತೆಂದು ಎಣಿಸಿರಿ. ಅನಂತರ ಕಾಲು ಭಾಗ ಹೊರೆ ಹೇರಿ ಅದನ್ನೇ ಮಾಡಿರಿ. ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಇದು ಕಲಿಸುತ್ತದೆ. ಬಳಿಕ ಕೆಳಗಿನ ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ಕೇಳಿಕೊಳ್ಳಿ.

ನಿಮ್ಮ ಊರಿನ ದಾರಿಗಳಲ್ಲಿ ತುಂಬಿದ ಟ್ರೇಲರ್ ಇಳಿಯುವ ಕಡಿದಾದ ಜಾಗಗಳು ಎಷ್ಟು? ಅಲ್ಲಿ ಗೇರು ಬದಲಿಸಲು ಎಲ್ಲಿ ನಿಲ್ಲಬೇಕು?

ನಿಮ್ಮ ಟ್ರೇಲರಿಗೆ ಬ್ರೇಕ್ ಇದೆಯೇ? ಇದ್ದರೆ ಕೊನೆಯ ಸಲ ಅದನ್ನು ನೋಡಿದ್ದು ಯಾವಾಗ?

ಇಳಿಜಾರಿನಲ್ಲಿ ಜಾರತೊಡಗಿದಾಗ ಕಾಲು ಯಾವ ಪೆಡಲಿನ ಮೇಲಿರಬೇಕು, ಯಾವುದರ ಮೇಲಿರಬಾರದು?

ಈ ಮೂರಕ್ಕೆ ತಡವರಿಸದೆ ಉತ್ತರ ಹೇಳಬಲ್ಲ ಚಾಲಕನ ಕೈಗೆ ನಿಮ್ಮ ವರ್ಷದ ಬೆಳೆಯನ್ನು ಧೈರ್ಯವಾಗಿ ಒಪ್ಪಿಸಬಹುದು. ಉತ್ತರ ಹೇಳಲಾರದವನಿಗೆ ಈ ಹಾಳೆಯನ್ನು ಓದಿ ಹೇಳಿ, ಇಳಿಜಾರಿಗೆ ಕಳುಹಿಸುವ ಮೊದಲು.